‘ಕ್ರೇದೋ’: ಒಂದು ಲ್ಯಾಟಿನ್ ಕ್ರಿಯಾಪದದ ಅರ್ಥ ಮತ್ತು ಮೂಲ

ಪಾಶ್ಚಾತ್ಯ ಸಭೆಯಲ್ಲಿ ವಿಶ್ವಾಸಪ್ರಮಾಣಕ್ಕೆ ಅದರ ಮೊದಲ ಪದವೇ ಹೆಸರಾಗಿ ನಿಂತಿದೆ. ‘ಕ್ರೇದೋ’ ಎಂದರೆ ‘ನಾನು ನಂಬುತ್ತೇನೆ’. ಲ್ಯಾಟಿನ್ ಭಾಷೆಯಲ್ಲಿ ‘ನಾನು’ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕರ್ತೃವೂ ಕ್ರಿಯೆಯೂ ಆ ಎರಡು ಅಕ್ಷರಗಳಲ್ಲಿಯೇ ಅಡಗಿವೆ. ಈ ಪದವನ್ನು ವಿವರಿಸುವಾಗ ಪ್ರಸಂಗಪೀಠದಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತುಂಟು: ‘ಕೋರ್’ ಎಂದರೆ ಹೃದಯ, ‘ದೋ’ ಎಂದರೆ ಕೊಡುತ್ತೇನೆ, ಆದುದರಿಂದ ‘ಕ್ರೇದೋ’ ಎಂದರೆ ‘ನನ್ನ ಹೃದಯವನ್ನು ಕೊಡುತ್ತೇನೆ’. ಮಾತು ಸೊಗಸಾಗಿದೆ, ನೆನಪಿನಲ್ಲಿಯೂ ಉಳಿಯುತ್ತದೆ. ಆದರೆ ಅದು ನಿಜವೇ? ನಿಜವಲ್ಲದಿದ್ದರೆ ಅದರ ಮೇಲೆ ಕಟ್ಟಿದ ಬೋಧನೆಯೂ ಬಿದ್ದುಹೋಗುವುದೇ?

ಇವು ಕೇವಲ ಭಾಷಾಪಂಡಿತರ ಪ್ರಶ್ನೆಗಳಲ್ಲ. ದೀಕ್ಷಾಸ್ನಾನಕ್ಕೆ ಮುಂದೆ ಬಂದವರನ್ನು ನಾವು ‘ನಂಬುತ್ತೀರಾ?’ ಎಂದು ಕೇಳುತ್ತೇವೆ. ಅವರು ‘ನಂಬುತ್ತೇನೆ’ ಎನ್ನುತ್ತಾರೆ. ಆ ಕ್ಷಣದಲ್ಲಿ ಅವರು ಮಾಡುವುದೇನು? ಒಂದು ಪಟ್ಟಿಯಲ್ಲಿರುವ ಸಂಗತಿಗಳಿಗೆ ಒಪ್ಪಿಗೆ ಕೊಡುತ್ತಾರೆಯೋ, ಅಥವಾ ಬೇರೇನನ್ನೋ ಮಾಡುತ್ತಾರೆಯೋ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ‘ಕ್ರೇದೋ’ ಎಂಬ ಕ್ರಿಯಾಪದದ ಚರಿತ್ರೆಯಿಂದ ನಮಗೆ ದೊರೆಯುವ ಸಹಾಯ ಅಲ್ಪವಲ್ಲ. ಆದರೆ ಸಹಾಯ ದೊರೆಯುವುದು ನಾವು ಸಾಮಾನ್ಯವಾಗಿ ಹುಡುಕುವ ಜಾಗದಲ್ಲಲ್ಲ.

ಧಾತುವಿನ ವಿಚಾರ

‘ಕೋರ್’ ಮತ್ತು ‘ದೋ’ ಎಂಬ ವಿಭಾಗದಲ್ಲಿ ಎರಡನೆಯ ಭಾಗವು ಖಂಡಿತವಾಗಿ ತಪ್ಪಾಗಿದೆ. ಈ ಕ್ರಿಯಾಪದದ ಮುಖ್ಯ ರೂಪಗಳು ‘ಕ್ರೇದೋ, ಕ್ರೇದೆರೆ, ಕ್ರೇದಿದಿ, ಕ್ರೇದಿತುಮ್’. ಇವುಗಳ ಕೊನೆಯ ಭಾಗವು ‘ಕೊಡು’ ಎಂಬರ್ಥದ ‘ದಾರೆ’ ಎಂಬ ಧಾತುವನ್ನು ಹೋಲುವುದರಿಂದ ಮೋಸಹೋಗುವುದು ಸುಲಭ. ಮೂಲ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಎರಡು ಬೇರೆ ಬೇರೆ ಧಾತುಗಳಿದ್ದವು: ಒಂದರ ಅರ್ಥ ‘ಕೊಡು’, ಇನ್ನೊಂದರ ಅರ್ಥ ‘ಇಡು’. ಸಂಸ್ಕೃತವು ಅವನ್ನು ‘ದಾ’ ಎಂದೂ ‘ಧಾ’ ಎಂದೂ ಬೇರೆಯಾಗಿಯೇ ಉಳಿಸಿಕೊಂಡಿತು. ಲ್ಯಾಟಿನ್ ಭಾಷೆಯು ಮಹಾಪ್ರಾಣವನ್ನು ಕಳೆದುಕೊಂಡದ್ದರಿಂದ ಸಮಾಸಗಳ ಒಳಗೆ ಇವೆರಡೂ ಒಂದೇ ರೂಪಕ್ಕೆ ಬಂದುವು. ‘ಕೊಂದೋ’ (ಒಟ್ಟಿಗೆ ಇಡುತ್ತೇನೆ, ಸ್ಥಾಪಿಸುತ್ತೇನೆ) ಎಂಬ ಪದವೂ ಹೀಗೆಯೇ ‘ಇಡು’ ಧಾತುವಿನ ಸಂತಾನ. ‘ಕ್ರೇದೋ’ದಲ್ಲಿರುವುದೂ ಅದೇ.

ಇದು ನಮಗೆ ತಿಳಿದುದು ಹೇಗೆ? ಇಲ್ಲಿ ಕನ್ನಡದ ಓದುಗರಿಗೆ ಒಂದು ಸಂತೋಷದ ಸಂಗತಿ ಕಾದಿದೆ. ‘ಕ್ರೇದೋ’ದ ಒಡಹುಟ್ಟು ಸಂಸ್ಕೃತದ ‘ಶ್ರದ್ಧಾ’. ‘ಶ್ರದ್ಧೆಯಿಂದ ಓದು’ ಎಂದು ನಾವು ಮಕ್ಕಳಿಗೆ ಹೇಳುವಾಗ ಬಳಸುವ ಅದೇ ಪದ. ಲ್ಯಾಟಿನ್ ಭಾಷೆಯ ‘ಕ’ಕಾರಕ್ಕೆ ಸಂಸ್ಕೃತದಲ್ಲಿ ‘ಶ’ಕಾರವು ಸಂವಾದಿಯಾಗಿ ಬರುವುದು ಅನೇಕ ಪದಗಳಲ್ಲಿ ಕಾಣುತ್ತದೆ: ಲ್ಯಾಟಿನ್ ‘ಕೆಂತುಮ್’, ಸಂಸ್ಕೃತ ‘ಶತ’, ಲ್ಯಾಟಿನ್ ‘ದೆಕೆಮ್’, ಸಂಸ್ಕೃತ ‘ದಶ’. ಅದೇ ನಿಯಮದಂತೆ ಲ್ಯಾಟಿನ್‌ನ ‘ಕ್ರೇದ್’ ಮತ್ತು ಸಂಸ್ಕೃತದ ‘ಶ್ರತ್’ ಒಂದಕ್ಕೊಂದು ಸರಿಹೊಂದುತ್ತವೆ. ‘ಶ್ರತ್’ ಮತ್ತು ‘ಧಾ’ ಸೇರಿ ‘ಶ್ರದ್ಧಾ’. ಋಗ್ವೇದದ ಎರಡನೆಯ ಮಂಡಲದ ಹನ್ನೆರಡನೆಯ ಸೂಕ್ತದಲ್ಲಿ, ಇಂದ್ರನು ಇಲ್ಲವೇ ಇಲ್ಲವೆನ್ನುವವರ ಮಾತು ಬಂದಾಗ, ಆತನಲ್ಲಿ ಶ್ರದ್ಧೆಯಿಡಿರಿ ಎಂದು ಕವಿಯು ಜನರಿಗೆ ಹೇಳುತ್ತಾನೆ. ಅಲ್ಲಿ ಈ ಎರಡು ಭಾಗಗಳು ಕೂಡಿಕೊಂಡೇ ಇಲ್ಲ; ನಡುವೆ ‘ಆತನಿಗೆ’ ಎಂಬ ಚತುರ್ಥೀ ವಿಭಕ್ತಿಯ ಸರ್ವನಾಮ ಬಂದು ನಿಂತಿದೆ. ಎರಡು ಪದಗಳು ಇನ್ನೂ ಎರಡೇ ಆಗಿದ್ದ ಕಾಲದ ನೆನಪು ಅದು. ಲ್ಯಾಟಿನ್‌ನಲ್ಲಿಯೂ ಈ ಕ್ರಿಯೆಗೆ ಚತುರ್ಥಿಯೇ ಬರುತ್ತದೆಂಬುದನ್ನು ಮುಂದೆ ನೋಡುವೆವು.

ಅವೆಸ್ತಾದ ಭಾಷೆಯಲ್ಲಿ ‘ಜ್ರಜ್ದಾ’, ಹಳೆಯ ಐರಿಷ್ ಭಾಷೆಯಲ್ಲಿ ‘ಕ್ರೆತಿಮ್’, ವೆಲ್ಷ್ ಭಾಷೆಯಲ್ಲಿ ‘ಕ್ರೆದಿ’ ಎಂಬ ರೂಪಗಳೂ ಇದೇ ಕುಟುಂಬದವು. ಪೂರ್ವದ ತುದಿಯಲ್ಲಿ ಭಾರತ ಮತ್ತು ಇರಾನ್, ಪಶ್ಚಿಮದ ತುದಿಯಲ್ಲಿ ಇಟಲಿ ಮತ್ತು ಐರ್ಲೆಂಡ್. ನಡುವಿನ ಗ್ರೀಕ್ ಮತ್ತು ಜರ್ಮ್ಯಾನಿಕ್ ಭಾಷೆಗಳಲ್ಲಿ ಈ ಪದದ ಸುಳಿವಿಲ್ಲ. ಇಂಥ ಹೊಂದಿಕೆಗಳನ್ನು, ವಿಶೇಷವಾಗಿ ಧಾರ್ಮಿಕ ಪದಗಳಲ್ಲಿ ಕಾಣುವವುಗಳನ್ನು, ಫ್ರೆಂಚ್ ವಿದ್ವಾಂಸ ವಾಂದ್ರಿಯೆಸ್ 1918ರಲ್ಲಿ ಒಟ್ಟುಗೂಡಿಸಿ ತೋರಿಸಿದರು.

ಇನ್ನು ಮೊದಲ ಭಾಗ. ‘ಶ್ರತ್’ ಅಥವಾ ‘ಕ್ರೇದ್’ ಎಂದರೆ ಹೃದಯವೇ? ಹಲವು ನಿಘಂಟುಗಳು ಹಾಗೆಂದೇ ಹೇಳುತ್ತವೆ. ಲ್ಯಾಟಿನ್‌ನಲ್ಲಿ ಹೃದಯಕ್ಕೆ ‘ಕೋರ್, ಕೋರ್ದಿಸ್’, ಗ್ರೀಕ್‌ನಲ್ಲಿ ‘ಕಾರ್ದಿಯಾ’. ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ. ಆದರೆ ಸಂಸ್ಕೃತದಲ್ಲಿ ಹೃದಯಕ್ಕಿರುವ ಪದ ‘ಹೃದ್’. ಅದು ಹಕಾರದಿಂದ ಆರಂಭವಾಗುತ್ತದೆಯೇ ಹೊರತು ಶಕಾರದಿಂದಲ್ಲ. ಹೃದಯವಾಚಕ ಪದವು ರೂಪ ಬದಲಾಯಿಸುವುದಕ್ಕೆ ಮೊದಲೇ ಸಮಾಸವು ಗಟ್ಟಿಯಾಗಿಬಿಟ್ಟಿತ್ತು, ಆದುದರಿಂದ ಹಳೆಯ ಶಕಾರ ಅದರಲ್ಲಿ ಉಳಿದುಕೊಂಡಿತು ಎಂದು ಒಂದು ಪಕ್ಷ ವಾದಿಸುತ್ತದೆ. ಎಮಿಲ್ ಬೆನ್ವೆನಿಸ್ತ್ ಇದನ್ನು ಒಪ್ಪಲಿಲ್ಲ. ಇಂಡೋ-ಯುರೋಪಿಯನ್ ಸಂಸ್ಥೆಗಳ ಪದಕೋಶವನ್ನು ಕುರಿತು 1969ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ‘ಕ್ರೇದೋ’ ಕುರಿತ ಅಧ್ಯಾಯವು ಧರ್ಮದ ಭಾಗದಲ್ಲಿ ಇಲ್ಲ, ಅರ್ಥವ್ಯವಸ್ಥೆಯ ಭಾಗದಲ್ಲಿದೆ! ‘ಕ್ರೇದ್’ ಎಂಬುದು ಒಂದು ಬಗೆಯ ಒತ್ತೆ. ಮನುಷ್ಯನು ತನ್ನದೆಂಬುದನ್ನು ಇನ್ನೊಬ್ಬನಲ್ಲಿ, ಮುಖ್ಯವಾಗಿ ದೇವರಲ್ಲಿ, ಮರಳಿ ಪಡೆಯುವ ಭರವಸೆಯಿಂದ ಇಡುವಂಥದು ಎಂಬುದು ಅವರ ಅಭಿಪ್ರಾಯ.

ಈ ಜಗಳವನ್ನು ನಾವು ತೀರಿಸಲಾರೆವು, ತೀರಿಸಬೇಕಾಗಿಯೂ ಇಲ್ಲ. ‘ಹೃದಯ’ ಎಂಬ ವಿವರಣೆ ಸಾಧ್ಯವಾದದ್ದೇ; ಆದರೆ ಅದರ ಮೇಲೆ ಒಂದು ಸಿದ್ಧಾಂತದ ಭಾರವನ್ನು ಹೊರಿಸುವಷ್ಟು ಗಟ್ಟಿಯಾದದ್ದಲ್ಲ. ಎರಡು ಪಕ್ಷಗಳೂ ಒಪ್ಪುವುದು ಎರಡನೆಯ ಭಾಗವನ್ನು: ಇದು ‘ಇಡು’ವ ಕ್ರಿಯೆ. ನಮ್ಮ ಅಭಿಪ್ರಾಯದಲ್ಲಿ ಬೋಧಕರಿಗೆ ಹೆಚ್ಚು ಪ್ರಯೋಜನಕಾರಿಯಾದುದೂ ಈ ಭಾಗವೇ. ಕನ್ನಡದಲ್ಲಿ ನಾವು ‘ನಂಬಿಕೆ ಇಡು’, ‘ವಿಶ್ವಾಸವಿಡು’ ಎನ್ನುತ್ತೇವೆ. ಅದೇ ‘ಇಡು’ ಎಂಬ ಧಾತುವಿನಿಂದ ‘ಒತ್ತೆಯಿಡು’, ‘ಠೇವಣಿ ಇಡು’, ‘ಇಡುಗಂಟು’ ಎಂಬ ಮಾತುಗಳೂ ಬಂದಿವೆ. ಲ್ಯಾಟಿನ್‌ಗೂ ದ್ರಾವಿಡ ಭಾಷೆಯಾದ ಕನ್ನಡಕ್ಕೂ ಇಲ್ಲಿ ಯಾವ ರಕ್ತಸಂಬಂಧವೂ ಇಲ್ಲ. ಆದರೂ ಎರಡು ಭಾಷೆಗಳ ಜನರು ನಂಬುವ ಕೆಲಸವನ್ನು ಒಂದೇ ಬಗೆಯಲ್ಲಿ ಕಂಡರು. ಇಟ್ಟದ್ದು ನಮ್ಮ ಕೈಯಿಂದ ಹೋಯಿತು. ಅದೀಗ ಇನ್ನೊಬ್ಬರ ಬಳಿ ಇದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪದದ ವ್ಯುತ್ಪತ್ತಿಯೇ ಪದದ ನಿಜಾರ್ಥವೆಂದು ತಿಳಿದು ಅದರ ಮೇಲೆ ದೈವಶಾಸ್ತ್ರವನ್ನು ಕಟ್ಟುವ ಅಭ್ಯಾಸವನ್ನು ಜೇಮ್ಸ್ ಬಾರ್ 1961ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕಟುವಾಗಿ ಟೀಕಿಸಿದರು. ಅವರು ಮುಖ್ಯವಾಗಿ ಹೀಬ್ರೂ ಮತ್ತು ಗ್ರೀಕ್ ಪದಗಳನ್ನು ಕುರಿತು ಬರೆದರು. ಆದರೆ ಅವರ ಮಾತಿಗೆ ‘ಶ್ರದ್ಧೆ’ಯಷ್ಟು ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ. ಒಂದೇ ಮೂಲದಿಂದ ಹೊರಟ ಪದವು ರೋಮಿನಲ್ಲಿ ಸಾಲ ಕೊಟ್ಟವನ ಹೆಸರಾಯಿತು, ನಮ್ಮಲ್ಲಿ ಸತ್ತವರಿಗಾಗಿ ಮಾಡುವ ‘ಶ್ರಾದ್ಧ’ವಾಯಿತು, ಕನ್ನಡದ ದಿನಬಳಕೆಯಲ್ಲಿ ಕೆಲಸದ ಮೇಲಿನ ಗಮನ, ಆಸ್ಥೆ ಎಂಬ ಅರ್ಥಕ್ಕೆ ತಿರುಗಿತು. ಸೋದರಪದವೆಂಬ ಕಾರಣಕ್ಕೆ ವಿಶ್ವಾಸಪ್ರಮಾಣದಲ್ಲಿ ‘ಶ್ರದ್ಧೆ’ಯನ್ನು ತಂದು ಕೂರಿಸಿದರೆ ಕೇಳುವವರಿಗೆ ಶ್ರಮಶೀಲ ಭಕ್ತನ ಚಿತ್ರ ಕಾಣುವುದೇ ಹೊರತು ‘ಕ್ರೇದೋ’ ಕಾಣುವುದಿಲ್ಲ. ಯಾವ ನಂಟೂ ಇಲ್ಲದ ‘ನಂಬು’ ಎಂಬ ಅಚ್ಚಗನ್ನಡದ ಪದವೇ ಅದಕ್ಕೆ ಹೆಚ್ಚು ಸಮೀಪದ್ದು. ಪದವು ಎಲ್ಲಿಂದ ಬಂತೆಂಬುದನ್ನು ವ್ಯುತ್ಪತ್ತಿ ಹೇಳುತ್ತದೆ. ಅದು ಏನು ಕೆಲಸ ಮಾಡಿತೆಂಬುದನ್ನು ತಿಳಿಯಬೇಕಾದರೆ ಬಳಕೆಯನ್ನೇ ನೋಡಬೇಕು.

ಪೇಟೆಯಿಂದ ದೇವಾಲಯಕ್ಕೆ

ಕ್ರೈಸ್ತರು ಈ ಪದವನ್ನು ಎತ್ತಿಕೊಂಡಾಗ ಅದು ಧಾರ್ಮಿಕ ಪದವಾಗಿರಲಿಲ್ಲ. ಅದು ಪೇಟೆಯ ಪದವಾಗಿತ್ತು. ಕ್ರಿ.ಪೂ. 200ರ ಸುಮಾರಿನಲ್ಲಿ ನಾಟಕಗಳನ್ನು ಬರೆದ ಪ್ಲೌತುಸ್‌ನ ‘ಅಸಿನಾರಿಯಾ’ ಎಂಬ ಪ್ರಹಸನದಲ್ಲಿ, ಕತ್ತೆಗಳ ಬೆಲೆಯ ಹಣವನ್ನು ಕೊಡಲು ಬಂದ ವ್ಯಾಪಾರಿಯೊಬ್ಬನು ತಾನೇ ಮೇಲ್ವಿಚಾರಕನೆಂದು ನಟಿಸುತ್ತಿರುವ ಗುಲಾಮನಿಗೆ ಹಣ ಕೊಡಲು ಒಪ್ಪುವುದಿಲ್ಲ. ಪರಿಚಯವಿಲ್ಲದವನಿಗೆ ಹಣವನ್ನು ‘ಕ್ರೇದೆರೆ’ ಮಾಡಲಾರೆ ಎನ್ನುತ್ತಾನೆ. ಮನುಷ್ಯನಿಗೆ ಮನುಷ್ಯನೇ ತೋಳ ಎಂಬ ಪ್ರಸಿದ್ಧ ಮಾತು ಹುಟ್ಟಿದ್ದು ಇದೇ ಸಂದರ್ಭದಲ್ಲಿ. ಮುಂದಿನ ಕಾಲದ ತತ್ತ್ವಜ್ಞಾನಿಗಳು ಆ ಮಾತನ್ನು ಮಾನವಸ್ವಭಾವದ ಬಗೆಗಿನ ತೀರ್ಪೆಂದು ತೆಗೆದುಕೊಂಡರು. ಮೂಲದಲ್ಲಿ ಅದು ಗುರುತಿಲ್ಲದವನ ಕೈಗೆ ಹಣವಿಡಲು ಹೆದರಿದ ವ್ಯಾಪಾರಿಯ ಮಾತು.

ರೋಮನ್ ನ್ಯಾಯಶಾಸ್ತ್ರದಲ್ಲಿ ಈ ಕ್ರಿಯಾಪದಕ್ಕೆ ಸ್ಪಷ್ಟವಾದ ಸ್ಥಾನವಿದೆ. 533ರಲ್ಲಿ ಜುಸ್ತಿನಿಯನ್ ಚಕ್ರವರ್ತಿಯು ಪ್ರಕಟಿಸಿದ ‘ದಿಗೆಸ್ತ’ ಎಂಬ ನ್ಯಾಯಸಂಗ್ರಹದ ಹನ್ನೆರಡನೆಯ ಪುಸ್ತಕವು ‘ನಂಬಿ ಕೊಟ್ಟ ವಸ್ತುಗಳ’ ವಿಚಾರದಿಂದಲೇ ಆರಂಭವಾಗುತ್ತದೆ. ಅಲ್ಲಿ ಉಲ್ಪಿಯನ್ ಎಂಬ ನ್ಯಾಯಶಾಸ್ತ್ರಜ್ಞನು ಕೊಡುವ ವಿವರಣೆಯ ಸಾರ ಇಷ್ಟು: ಇನ್ನೊಬ್ಬನ ಪ್ರಾಮಾಣಿಕತೆಯನ್ನು ಅನುಸರಿಸಿ, ಮುಂದೆ ಏನನ್ನಾದರೂ ಮರಳಿ ಪಡೆಯುವವರಾಗಿ, ನಾವು ಯಾವುದಕ್ಕೆ ಸಮ್ಮತಿಸಿದರೂ ಅದು ‘ಕ್ರೇದೆರೆ’. ಸಾಲ ಕೊಟ್ಟವನು ‘ಕ್ರೇದಿತೋರ್’, ಎಂದರೆ ನಂಬಿದವನು. ಕೊಟ್ಟದ್ದು ‘ಕ್ರೇದಿತುಮ್’, ಎಂದರೆ ನಂಬಿ ಇಟ್ಟದ್ದು. ನಾವೀಗ ಬ್ಯಾಂಕುಗಳಲ್ಲಿ ಹೇಳುವ ‘ಕ್ರೆಡಿಟ್’ ಈ ‘ಕ್ರೇದಿತುಮ್’ದ ಮೊಮ್ಮಗು.

ವಾಕ್ಯರಚನೆಯನ್ನು ಗಮನಿಸೋಣ. ‘ಕ್ರೇದೆರೆ’ಗೆ ವಸ್ತುವು ದ್ವಿತೀಯಾ ವಿಭಕ್ತಿಯಲ್ಲಿಯೂ ವ್ಯಕ್ತಿಯು ಚತುರ್ಥೀ ವಿಭಕ್ತಿಯಲ್ಲಿಯೂ ಬರುತ್ತವೆ: ಇದನ್ನು ಇವನಿಗೆ. ‘ಕೊಡು’ ಎಂಬ ಕ್ರಿಯೆಗೂ ಅದೇ ರಚನೆ. ಹಣವನ್ನು ಒಬ್ಬನಿಗೆ ‘ಕ್ರೇದೆರೆ’ ಮಾಡಬಹುದು. ಗುಟ್ಟನ್ನು ಗೆಳೆಯನಿಗೆ, ತನ್ನನ್ನೇ ಸಮುದ್ರಕ್ಕೆ ‘ಕ್ರೇದೆರೆ’ ಮಾಡಬಹುದು. ವಸ್ತುವನ್ನು ಹೇಳದೆ ವ್ಯಕ್ತಿಯನ್ನಷ್ಟೇ ಹೇಳಿದಾಗ, ಅವನ ಮಾತಿಗೆ ನನ್ನ ಒಪ್ಪಿಗೆಯನ್ನು ಕೊಡುತ್ತೇನೆ, ಅವನು ಹೇಳಿದ್ದನ್ನು ನಿಜವೆಂದು ತೆಗೆದುಕೊಳ್ಳುತ್ತೇನೆ ಎಂಬ ಅರ್ಥ ಬರುತ್ತದೆ. ‘ಹೀಗಿರಬಹುದೆಂದು ಎಣಿಸುತ್ತೇನೆ’ ಎಂಬುದು ಇನ್ನೂ ತೆಳುವಾದ ಬಳಕೆ. ಕ್ರಿ.ಪೂ. 63ರಲ್ಲಿ ಕತಿಲೀನನ ವಿರುದ್ಧ ಮಾಡಿದ ಮೊದಲ ಭಾಷಣದಲ್ಲಿ ಸಿಸೆರೋ ‘ಕ್ರೇದೋ’ ಎಂಬ ಇದೇ ಪದವನ್ನು ವಾಕ್ಯದ ನಡುವೆ ವ್ಯಂಗ್ಯವಾಗಿ ಸೇರಿಸುತ್ತಾನೆ; ‘ಹೌದಪ್ಪಾ, ಹಾಗೇ ಇರಬೇಕು’ ಎಂದು ನಾವು ಚುಚ್ಚಿ ಹೇಳುವ ಹಾಗೆ. ಇಂದು ಅನೇಕರು ವಿಶ್ವಾಸಪ್ರಮಾಣವನ್ನು ಕೇಳುವುದು ಈ ಕೊನೆಯ ಅರ್ಥದಲ್ಲಿ, ಖಚಿತವಾಗಿ ತಿಳಿಯದ ಸಂಗತಿಗಳ ಬಗ್ಗೆ ಒಂದು ಅಭಿಪ್ರಾಯವೆಂದು. ಸಭೆಯು ಎತ್ತಿಕೊಂಡದ್ದು ಈ ಅರ್ಥವನ್ನಲ್ಲ ಎಂಬುದೇ ನಾವು ಒತ್ತಿಹೇಳಬೇಕೆಂದಿರುವ ವಿಷಯ.

ಇನ್ನೊಂದು ವಿಶೇಷ. ಗ್ರೀಕ್‌ನಲ್ಲಿ ‘ಪಿಸ್ತೆವೋ’ ಎಂಬ ಕ್ರಿಯಾಪದವೂ ‘ಪಿಸ್ತಿಸ್’ ಎಂಬ ನಾಮಪದವೂ ಒಂದೇ ಮೂಲದವು. ಕನ್ನಡದ ‘ನಂಬು’, ‘ನಂಬಿಕೆ’ಗಳ ಹಾಗೆ. ಲ್ಯಾಟಿನ್‌ನಲ್ಲಿ ಹಾಗಿಲ್ಲ. ಅಲ್ಲಿ ಕ್ರಿಯಾಪದ ‘ಕ್ರೇದೋ’, ನಾಮಪದ ‘ಫಿದೆಸ್’. ಎರಡಕ್ಕೂ ಬೇರೆ ಬೇರೆ ಬೇರು. ‘ಫಿದೆಸ್’ ಎಂದರೆ ಮೊದಲು ನಂಬುವವನ ಗುಣವಲ್ಲ, ನಂಬಲ್ಪಡುವವನ ಗುಣ: ಕೊಟ್ಟ ಮಾತಿಗೆ ನಿಲ್ಲುವ ಯೋಗ್ಯತೆ, ಇನ್ನೊಬ್ಬರು ಅವನ ಮೇಲೆ ಭಾರ ಹಾಕಬಹುದಾದ ಗಟ್ಟಿತನ. ‘ಫಿದೆಸ್’ ಇರುವವನಿಗೆ ನಾನು ‘ಕ್ರೇದೋ’ ಎನ್ನುತ್ತೇನೆ. ದೇವರ ನಂಬಿಗಸ್ತಿಕೆಗೂ ಮನುಷ್ಯನ ನಂಬಿಕೆಗೂ ಒಂದೇ ಪದ ಸಾಲುವ ಭಾಷೆಯಲ್ಲಿ ಧರ್ಮಶಾಸ್ತ್ರವನ್ನು ಓದಿದ ಪಾಶ್ಚಾತ್ಯ ಕ್ರೈಸ್ತರು ನಂಬಿಕೆಯನ್ನು ಕೇವಲ ಮನಸ್ಸಿನ ಸ್ಥಿತಿಯೆಂದು ಮೊದಮೊದಲು ಭಾವಿಸಲಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ.

ಲ್ಯಾಟಿನ್ ಸತ್ಯವೇದದಲ್ಲಿ

ಜೆರೋಮರ ಹೆಸರಿನೊಡನೆ ಸೇರಿಕೊಂಡಿರುವ ವುಲ್ಗಾತ ಎಂಬ ಲ್ಯಾಟಿನ್ ಸತ್ಯವೇದವನ್ನು ತೆರೆದರೆ ಪೇಟೆಯ ಅರ್ಥವು ಸತ್ತಿಲ್ಲವೆಂಬುದು ಕಾಣುತ್ತದೆ. ಲೂಕ 16:11ರಲ್ಲಿ, ಅನ್ಯಾಯದ ಧನದ ವಿಷಯದಲ್ಲಿ ನಂಬಿಗಸ್ತರಾಗದವರಿಗೆ ನಿಜವಾದ ಸಂಪತ್ತನ್ನು ಯಾರು ಒಪ್ಪಿಸುವರು ಎಂದು ಯೇಸು ಕೇಳುವಲ್ಲಿ ‘ಒಪ್ಪಿಸು’ ಎಂಬುದಕ್ಕೆ ಇರುವ ಪದ ‘ಕ್ರೇದೆರೆ’. ರೋಮಾಪುರದವರಿಗೆ ಬರೆದ ಪತ್ರಿಕೆ 3:2ರಲ್ಲಿ ಯೆಹೂದ್ಯರಿಗೆ ದೈವೋಕ್ತಿಗಳು ಒಪ್ಪಿಸಲ್ಪಟ್ಟವು. ಒಂದನೆಯ ಥೆಸಲೊನೀಕ 2:4ರಲ್ಲಿ ಅಪೊಸ್ತಲರಿಗೆ ಸುವಾರ್ತೆ ಒಪ್ಪಿಸಲ್ಪಟ್ಟಿತು. ಅಲ್ಲಿಯೂ ಅದೇ ಕ್ರಿಯಾಪದ. ಇವೆಲ್ಲ ‘ಪಿಸ್ತೆವೋ’ ಎಂಬ ಗ್ರೀಕ್ ಪದದ ಅನುವಾದಗಳು. ಗ್ರೀಕ್‌ನಲ್ಲಿಯೂ ಆ ಪದಕ್ಕೆ ‘ನಂಬು’, ‘ನಂಬಿ ಒಪ್ಪಿಸು’ ಎಂಬ ಎರಡೂ ಅರ್ಥಗಳಿದ್ದವು. ಇಲ್ಲಿ ನಂಬುವವನು ದೇವರು! ದೇವರು ಮನುಷ್ಯರ ಕೈಯಲ್ಲಿ ತನ್ನ ಮಾತನ್ನು ಇಡುತ್ತಾನೆ. ವಿಶ್ವಾಸಪ್ರಮಾಣದಲ್ಲಿ ಮನುಷ್ಯನು ‘ಕ್ರೇದೋ’ ಎನ್ನುವುದಕ್ಕೆ ಬಹಳ ಮೊದಲೇ ದೇವರು ಅದೇ ಕ್ರಿಯೆಯನ್ನು ನಡೆಸಿದ್ದಾನೆ.

ಎರಡು ಅರ್ಥಗಳೂ ಪಕ್ಕಪಕ್ಕದಲ್ಲಿ ನಿಂತಿರುವುದು ಯೋಹಾನನ ಸುವಾರ್ತೆಯ 2:23-24ರಲ್ಲಿ. ಪಸ್ಕಹಬ್ಬದಲ್ಲಿ ಯೇಸು ಮಾಡಿದ ಸೂಚಕಕಾರ್ಯಗಳನ್ನು ಕಂಡು ಅನೇಕರು ಆತನ ಹೆಸರನ್ನು ನಂಬಿದರು. ಆದರೆ ಆತನು ತನ್ನನ್ನು ಅವರಿಗೆ ನಂಬಿ ಕೊಡಲಿಲ್ಲ, ಏಕೆಂದರೆ ಆತನು ಎಲ್ಲರನ್ನೂ ಬಲ್ಲವನಾಗಿದ್ದನು. ಗ್ರೀಕ್‌ನಲ್ಲಿಯೂ ಲ್ಯಾಟಿನ್‌ನಲ್ಲಿಯೂ ಎರಡು ಕಡೆ ಒಂದೇ ಕ್ರಿಯಾಪದವಿದೆ. ಅನುವಾದಗಳು ಸಾಮಾನ್ಯವಾಗಿ ಎರಡು ಬೇರೆ ಪದಗಳನ್ನು ಬಳಸುವುದರಿಂದ ಈ ಮಾತಿನ ಮೊನೆ ಮೊಂಡಾಗುತ್ತದೆ. ಸೂಚಕಕಾರ್ಯ ಕಂಡು ನಂಬಿದವರು ಇನ್ನೂ ತಮ್ಮದೇನನ್ನೂ ಇಟ್ಟಿರಲಿಲ್ಲ ಎಂಬುದು ಸುವಾರ್ತಿಕನ ಇಂಗಿತವೆಂದು ನಮಗೆ ತೋರುತ್ತದೆ. ಯೋಹಾನನ ಸುವಾರ್ತೆಯಲ್ಲಿ ‘ನಂಬು’ ಎಂಬ ಕ್ರಿಯಾಪದವು 98 ಸಲ ಬರುತ್ತದೆ. ‘ನಂಬಿಕೆ’ ಎಂಬ ನಾಮಪದ ಒಂದು ಸಲವೂ ಬರುವುದಿಲ್ಲ.

ಅಬ್ರಹಾಮನ ಪ್ರಸಂಗ (ಆದಿಕಾಂಡ 15:6) ಎಲ್ಲರಿಗೂ ತಿಳಿದದ್ದು. ಹೀಬ್ರೂವಿನಲ್ಲಿ ಅಲ್ಲಿರುವ ಕ್ರಿಯಾಪದವು ‘ಆಮೆನ್’ ಹುಟ್ಟಿದ ಬೇರಿನಿಂದಲೇ ಬಂದದ್ದು. ಗಟ್ಟಿಯಾಗಿರು, ಸ್ಥಿರವೆಂದು ತಿಳಿ ಎಂಬುದು ಅದರ ಭಾವ. ಲ್ಯಾಟಿನ್ ಅನುವಾದವು ಅಲ್ಲಿ ‘ಕ್ರೇದಿದಿತ್’ ಎಂದು ಹೇಳಿ ದೇವರನ್ನು ಚತುರ್ಥಿಯಲ್ಲಿ ಇಟ್ಟಿತು. ಆಮೇಲೆ ಬರುವ ‘ಎಣಿಸಲ್ಪಟ್ಟಿತು’ ಎಂಬ ಪದ ಲೆಕ್ಕಪತ್ರದ್ದು. ಪೌಲನೂ ರೋಮಾ 4:4ರಲ್ಲಿ ತಕ್ಷಣ ಕೂಲಿ ಮತ್ತು ಸಾಲದ ಮಾತಿಗೆ ತಿರುಗುತ್ತಾನೆ.

ಎರಡನೆಯ ತಿಮೊಥೆ 1:12ನ್ನು ಇಲ್ಲಿ ಬಿಡುವಂತಿಲ್ಲ. ತಾನು ನಂಬಿರುವುದು ಏನನ್ನು ಎಂದು ಅಲ್ಲ, ಯಾರನ್ನು ಎಂದು ತನಗೆ ಗೊತ್ತಿದೆ ಎನ್ನುತ್ತಾನೆ ಅಪೊಸ್ತಲ. ಅದರ ಬೆನ್ನಿಗೇ ಬರುವ ಪದವು ಲ್ಯಾಟಿನ್‌ನಲ್ಲಿ ‘ದೆಪೊಸಿತುಮ್’, ಇಡುಗಂಟು. ಆತನು ಅದನ್ನು ಆ ದಿನದವರೆಗೆ ಕಾಯಲು ಶಕ್ತನು. ಎರಡು ವಚನಗಳ ಬಳಿಕ ಇಡುಗಂಟನ್ನು ಕಾಯಬೇಕಾದವನು ತಿಮೊಥೆ. ಇಟ್ಟವರು ಯಾರು, ಕಾಯುವವರು ಯಾರು ಎಂಬುದು ಎರಡು ಕಡೆಯಿಂದಲೂ ನಡೆಯುತ್ತದೆ.

ಒಂದು ಉಪಸರ್ಗದ ಭಾರ

ಹಳೆಯ ಲ್ಯಾಟಿನ್ ಬರಹಗಾರರಿಗೆ ಗೊತ್ತಿಲ್ಲದ ಒಂದು ರಚನೆಯನ್ನು ಕ್ರೈಸ್ತರು ತಂದರು: ‘ಕ್ರೇದೆರೆ ಇನ್’. ಇದು ಗ್ರೀಕ್ ಹೊಸ ಒಡಂಬಡಿಕೆಯ, ಅದರಲ್ಲಿಯೂ ಯೋಹಾನನ, ‘ಪಿಸ್ತೆವೇಯಿನ್ ಎಯಿಸ್’ ಎಂಬುದರ ಪಡಿಯಚ್ಚು. ‘ಎಯಿಸ್’ ಎಂಬುದು ಚಲನೆಯನ್ನು ಸೂಚಿಸುತ್ತದೆ. ಒಂದರ ಒಳಕ್ಕೆ, ಒಂದರ ಕಡೆಗೆ. ಸುಶಿಕ್ಷಿತ ರೋಮನರ ಕಿವಿಗೆ ಇದು ಒರಟಾಗಿ ಕೇಳಿಸಿರಬೇಕು. ಆದರೂ ಅದು ನಿಂತಿತು.

ಅಗಸ್ಟೀನರು ಈ ಒರಟು ರಚನೆಯಲ್ಲಿ ದೊಡ್ಡ ಅರ್ಥವನ್ನು ಕಂಡರು. ಯೋಹಾನನ ಸುವಾರ್ತೆಯ ಮೇಲಿನ ಇಪ್ಪತ್ತೊಂಬತ್ತನೆಯ ಪ್ರಸಂಗದಲ್ಲಿ ಅವರು ವಿವರಿಸುವುದು ಹೀಗೆ: ದೆವ್ವಗಳು ಕ್ರಿಸ್ತನ ಮಾತನ್ನು ನಂಬಿದವು, ಆದರೆ ಆತನಲ್ಲಿ ನಂಬಿಕೆಯಿಡಲಿಲ್ಲ. ನಾವು ಪೌಲನ ಮಾತನ್ನು ನಂಬುತ್ತೇವೆ, ಪೌಲನಲ್ಲಿ ನಂಬಿಕೆಯಿಡುವುದಿಲ್ಲ. ಹಾಗಾದರೆ ‘ಆತನಲ್ಲಿ’ ನಂಬುವುದೆಂದರೇನು? ನಂಬುತ್ತಲೇ ಪ್ರೀತಿಸುವುದು, ನಂಬುತ್ತಲೇ ಆತನೊಳಕ್ಕೆ ಹೋಗುವುದು, ಆತನ ಅಂಗಗಳೊಡನೆ ಒಂದಾಗುವುದು. ಯಾಕೋಬ 2:19ರಲ್ಲಿ ನಡುಗುವ ದೆವ್ವಗಳಿಗೂ ಕ್ರೈಸ್ತನಿಗೂ ಇರುವ ಅಂತರವನ್ನು ಅಗಸ್ಟೀನರು ಒಂದು ಪುಟ್ಟ ಉಪಸರ್ಗದಲ್ಲಿ ಹಿಡಿದಿಟ್ಟರು. ಮಧ್ಯಯುಗದಲ್ಲಿ ಇದು ಮೂರು ಸೂತ್ರಗಳಾಗಿ ಗಟ್ಟಿಯಾಯಿತು: ‘ಕ್ರೇದೆರೆ ದೆಉಮ್’, ದೇವರಿದ್ದಾನೆಂದು, ದೇವರ ಕುರಿತಾದುದನ್ನು ನಂಬುವುದು; ‘ಕ್ರೇದೆರೆ ದೆಓ’, ದೇವರ ಮಾತಿಗೆ ಒಪ್ಪುವುದು; ‘ಕ್ರೇದೆರೆ ಇನ್ ದೆಉಮ್’, ದೇವರ ಕಡೆಗೆ ಹೋಗುವುದು. ಥಾಮಸ್ ಅಕ್ವೈನಾಸರು ಇವು ಮೂರು ಬೇರೆ ಕ್ರಿಯೆಗಳಲ್ಲ, ಒಂದೇ ಕ್ರಿಯೆಯ ಮೂರು ಸಂಬಂಧಗಳು ಎಂದು ತಿದ್ದಿದರು. ಈ ತಿದ್ದುಪಡಿ ಬಹಳ ಮುಖ್ಯವಾದುದು. ‘ನನಗೆ ಸಿದ್ಧಾಂತ ಬೇಡ, ದೇವರೊಡನೆ ಸಂಬಂಧ ಸಾಕು’ ಎನ್ನುವವರಿಗೂ, ಸಿದ್ಧಾಂತ ಸರಿಯಿದ್ದರೆ ಎಲ್ಲವೂ ಸರಿಯೆನ್ನುವವರಿಗೂ ಅದು ಏಕಕಾಲದಲ್ಲಿ ಉತ್ತರ. ಯಾರ ಕೈಯಲ್ಲಿ ಇಡುತ್ತೇವೋ ಆತನು ಯಾರೆಂದು ತಿಳಿಯದೆ ಇಡುವುದು ಹೇಗೆ? ಪ್ಲೌತುಸ್‌ನ ವ್ಯಾಪಾರಿಗೂ ಅಷ್ಟು ತಿಳಿದಿತ್ತು.

ಈ ‘ಇನ್’ ಎಂಬುದರ ಮೇಲೆ ಇನ್ನೊಂದು ಚರ್ಚೆ ನಡೆಯಿತು. ಸುಮಾರು 404ರಲ್ಲಿ ಅಕ್ವಿಲೇಯದ ರುಫಿನುಸರು ಅಪೊಸ್ತಲರ ವಿಶ್ವಾಸಪ್ರಮಾಣಕ್ಕೆ ಬರೆದ ವ್ಯಾಖ್ಯಾನದಲ್ಲಿ, ತಂದೆ, ಮಗ, ಪವಿತ್ರಾತ್ಮರ ಹೆಸರುಗಳ ಮುಂದೆ ‘ಇನ್’ ಇದೆ, ಸಭೆ, ಪಾಪಕ್ಷಮೆ, ದೇಹದ ಪುನರುತ್ಥಾನಗಳ ಮುಂದೆ ಇಲ್ಲ ಎಂಬುದನ್ನು ಎತ್ತಿತೋರಿಸಿದರು. ಈ ಒಂದು ಅಕ್ಷರವೇ ಸೃಷ್ಟಿಕರ್ತನನ್ನು ಸೃಷ್ಟಿಯಿಂದ ಬೇರ್ಪಡಿಸುತ್ತದೆ ಎಂಬುದು ಅವರ ವಾದ. ಸಭೆಯುಂಟೆಂದು ನಂಬುತ್ತೇವೆ; ಸಭೆಯಲ್ಲಿ ನಂಬಿಕೆಯಿಡುವುದಿಲ್ಲ. ವ್ಯಾಕರಣವಾಗಿ ಈ ವಾದ ಅಷ್ಟೇನೂ ಬಲವಾದದ್ದಲ್ಲ. 381ರ ಗ್ರೀಕ್ ವಿಶ್ವಾಸಪ್ರಮಾಣದಲ್ಲಿ ಸಭೆಯ ಮುಂದೆಯೂ ‘ಎಯಿಸ್’ ಇದೆ. ಲ್ಯಾಟಿನ್ ಆರಾಧನೆಯ ಪಾಠ ಅದನ್ನು ಬಿಟ್ಟಿತು. ರುಫಿನುಸರು ಕೊಡುವ ಪಾಠದಲ್ಲಿಯೇ ದೇವರ ಹೆಸರು ಚಲನೆಯನ್ನು ಸೂಚಿಸುವ ವಿಭಕ್ತಿಯಲ್ಲಿಲ್ಲ. ಆದರೆ ದೈವಶಾಸ್ತ್ರವಾಗಿ ಅದು ತೂಕವುಳ್ಳ ಮಾತು. ಸಭೆಯ ಅಧಿಕಾರಿಗಳಿಂದ ನೊಂದು ‘ಇನ್ನು ನನಗೆ ನಂಬಿಕೆಯಿಲ್ಲ’ ಎಂದು ಹೊರಟುಹೋದವರನ್ನು ನಾವೆಲ್ಲರೂ ಬಲ್ಲೆವು. ಅವರು ಕಳೆದುಕೊಂಡದ್ದು ಯಾವುದರ ಮೇಲಿನ ನಂಬಿಕೆ ಎಂಬುದನ್ನು ಬಿಡಿಸಿ ನೋಡಲು ರುಫಿನುಸರ ಈ ಭೇದ ಇಂದಿಗೂ ಬೇಕಾಗುತ್ತದೆ.

ನೀರಿನ ಬಳಿ

ವಿಶ್ವಾಸಪ್ರಮಾಣವು ಮೊದಲು ಪಠಿಸುವ ಪಾಠವಾಗಿರಲಿಲ್ಲ, ಪ್ರಶ್ನೋತ್ತರವಾಗಿತ್ತು. ಹಿಪ್ಪೊಲಿತರದೆಂದು ಹೇಳಲಾಗುವ ‘ಅಪೊಸ್ತಲಿಕ ಸಂಪ್ರದಾಯ’ ಎಂಬ ಪುರಾತನ ಗ್ರಂಥದಲ್ಲಿ ದೀಕ್ಷಾರ್ಥಿಯು ನೀರಿನಲ್ಲಿ ನಿಂತಿರುವಾಗ ತಂದೆ, ಮಗ, ಪವಿತ್ರಾತ್ಮರನ್ನು ಕುರಿತು ಒಂದೊಂದಾಗಿ ‘ನಂಬುತ್ತೀಯಾ?’ ಎಂದು ಕೇಳುತ್ತಾರೆ. ಅವನು ‘ಕ್ರೇದೋ’ ಎಂದಾಗಲೆಲ್ಲ ಅವನನ್ನು ನೀರಿನಲ್ಲಿ ಮುಳುಗಿಸುತ್ತಾರೆ. ರೋಮನರಿಗೆ ಈ ರೂಪ ಹೊಸದಾಗಿರಲಿಲ್ಲ. ಅವರ ನ್ಯಾಯಪದ್ಧತಿಯಲ್ಲಿ ಒಬ್ಬನು ಪ್ರಶ್ನೆ ಕೇಳಿ, ಇನ್ನೊಬ್ಬನು ಅದೇ ಕ್ರಿಯಾಪದದಿಂದ ಉತ್ತರಿಸಿದರೆ ಮಾತಿನ ಕರಾರು ಕಟ್ಟಿಬೀಳುತ್ತಿತ್ತು. ನೀರಿನಲ್ಲಿ ನಿಂತವನು ಅಭಿಪ್ರಾಯ ಹೇಳುತ್ತಿಲ್ಲ, ತನ್ನನ್ನು ಕೊಟ್ಟುಕೊಳ್ಳುತ್ತಿದ್ದಾನೆ.

ಅಗಸ್ಟೀನರ ಕಾಲದಲ್ಲಿ ದೀಕ್ಷೆಗೆ ಮೊದಲು ಬಿಷಪರು ವಿಶ್ವಾಸಪ್ರಮಾಣವನ್ನು ದೀಕ್ಷಾರ್ಥಿಗಳಿಗೆ ಬಾಯಿಮಾತಿನಲ್ಲಿ ‘ಒಪ್ಪಿಸು’ತ್ತಿದ್ದರು; ಬರೆದುಕೊಳ್ಳುವಂತಿರಲಿಲ್ಲ. ಅವರು ಅದನ್ನು ಹೃದಯದಲ್ಲಿಟ್ಟುಕೊಂಡು ಕೆಲದಿನಗಳ ಬಳಿಕ ‘ಹಿಂದಿರುಗಿಸು’ತ್ತಿದ್ದರು. ಈ ಎರಡನೆಯ ಕ್ರಿಯೆಗೆ ಅವರು ಬಳಸಿದ ‘ರೆದ್ದೆರೆ’ ಎಂಬ ಪದ ಸಾಲ ತೀರಿಸುವುದಕ್ಕೂ ಬಳಕೆಯಾಗುವ ಪದವೇ. ‘ಅರಿಕೆಗಳು’ ಎಂಬ ತಮ್ಮ ಆತ್ಮಕಥೆಯ ಎಂಟನೆಯ ಪುಸ್ತಕದಲ್ಲಿ ಅವರು ಮಾರಿಯುಸ್ ವಿಕ್ತೋರಿನುಸ್ ಎಂಬ ಪ್ರಸಿದ್ಧ ಅಲಂಕಾರಶಾಸ್ತ್ರಜ್ಞನ ಕಥೆಯನ್ನು ಹೇಳುತ್ತಾರೆ. ರೋಮಿನ ಚೌಕದಲ್ಲಿ ಅವನ ಪ್ರತಿಮೆ ನಿಂತಿತ್ತು. ವೃದ್ಧಾಪ್ಯದಲ್ಲಿ ಅವನು ಕ್ರೈಸ್ತನಾಗಲು ಬಂದಾಗ, ನಾಚಿಕೆಪಡುವವರಿಗೆ ಕೊಡುತ್ತಿದ್ದ ರಿಯಾಯಿತಿಯಂತೆ, ವಿಶ್ವಾಸವನ್ನು ಏಕಾಂತದಲ್ಲಿ ಅರಿಕೆಮಾಡಬಹುದೆಂದು ಪಾದ್ರಿಗಳು ಹೇಳಿದರು. ಅವನು ಒಪ್ಪಲಿಲ್ಲ. ತಾನು ಕಲಿಸುತ್ತಿದ್ದ ವಾಗ್ಮಿತೆಯಲ್ಲಿ ರಕ್ಷಣೆಯಿರಲಿಲ್ಲ, ಆದರೂ ಅದನ್ನು ಬಹಿರಂಗವಾಗಿಯೇ ಕಲಿಸಿದ್ದೆನಲ್ಲ ಎಂದು ಎಲ್ಲರ ಮುಂದೆ ಎತ್ತರದ ಜಾಗದಲ್ಲಿ ನಿಂತು ಹೇಳಿದನು. ಅವನ ಹೆಸರು ಜನರ ನಡುವೆ ಪಿಸುಮಾತಾಗಿ ಹರಿದಾಡಿತಂತೆ. ಆ ಒಂದು ‘ಕ್ರೇದೋ’ದಲ್ಲಿ ಅವನು ಇಟ್ಟದ್ದು ತನ್ನ ಮಾನವನ್ನು.

325ರ ನಿಕೇಯ ಸಭೆಯ ಪಾಠ ಗ್ರೀಕ್‌ನಲ್ಲಿ ‘ನಾವು ನಂಬುತ್ತೇವೆ’ ಎಂದು ಆರಂಭವಾಗುತ್ತದೆ, ಏಕೆಂದರೆ ಅಲ್ಲಿ ಮಾತಾಡುವವರು ಬಿಷಪರ ಸಮೂಹ. ಆರಾಧನೆಯಲ್ಲಿ ಅದು ‘ನಾನು’ ಆಯಿತು. ಎರಡಕ್ಕೂ ಕಾರಣಗಳುಂಟು, ಒಂದನ್ನು ಹಿಡಿದು ಇನ್ನೊಂದನ್ನು ಜರೆಯುವ ವಾದಗಳಲ್ಲಿ ನಮಗೆ ಆಸಕ್ತಿಯಿಲ್ಲ. ನೀರಿಗಿಳಿಯುವವನು ಮಾತ್ರ ಒಬ್ಬೊಬ್ಬನಾಗಿಯೇ ಇಳಿಯಬೇಕು.

ಕನ್ನಡದಲ್ಲಿ ನಾವು ಹೇಳುವಾಗ

ಕನ್ನಡದ ‘ನಂಬು’ ಎಂಬ ಕ್ರಿಯಾಪದ ದ್ವಿತೀಯಾ ವಿಭಕ್ತಿಯನ್ನು ಬೇಡುತ್ತದೆ. ದೇವರನ್ನು ನಂಬುತ್ತೇನೆ, ಸಭೆಯನ್ನು ನಂಬುತ್ತೇನೆ, ಪಾಪಕ್ಷಮೆಯನ್ನು ನಂಬುತ್ತೇನೆ: ಎಲ್ಲಕ್ಕೂ ಒಂದೇ ‘ಅನ್ನು’. ಲ್ಯಾಟಿನ್‌ನ ಮೂರು ದಾರಿಗಳು ಇಲ್ಲಿ ಒಂದೇ ದಾರಿಯಾಗಿ ಕಾಣುತ್ತವೆ. ಹಾಗೆಂದು ಕನ್ನಡಕ್ಕೆ ಬಡತನವಿದೆಯೆಂದಲ್ಲ. ‘ಉಂಟೆಂದು ನಂಬು’, ‘ಮಾತನ್ನು ನಂಬು’, ‘ಆತನಲ್ಲಿ ನಂಬಿಕೆಯಿಡು’ ಎಂದು ಬಿಡಿಸಿ ಹೇಳಲು ನಮಗೆ ಅಡ್ಡಿಯಿಲ್ಲ. ದೀಕ್ಷಾರ್ಥಿಗಳ ತರಗತಿಯಲ್ಲಿ ಮೂರನೆಯ ಭಾಗಕ್ಕೆ ಬಂದಾಗ, ಪವಿತ್ರಾತ್ಮನಲ್ಲಿ ನಂಬಿಕೆಯಿಡುತ್ತೇನೆ, ಪರಿಶುದ್ಧ ಸಭೆಯುಂಟೆಂದು ನಂಬುತ್ತೇನೆ ಎಂದು ಒಂದು ಸಲವಾದರೂ ಬೇರ್ಪಡಿಸಿ ಹೇಳಿಸುವುದು ಒಳ್ಳೆಯದು.

ಇದಲ್ಲದೆ ಲ್ಯಾಟಿನ್‌ಗೆ ಇಷ್ಟು ಸುಲಭವಾಗಿ ದಕ್ಕದ ಒಂದು ಶಕ್ತಿ ‘ನಂಬು’ವಿನಲ್ಲಿದೆ. ‘ಮಳೆಯನ್ನು ನಂಬಿದ ಬೇಸಾಯ’ ಎನ್ನುತ್ತೇವೆ. ‘ಆ ಎರಡು ಎಕರೆಯನ್ನೇ ನಂಬಿ ಬದುಕಿದ್ದಾರೆ’ ಎನ್ನುತ್ತೇವೆ. ಮಳೆ ಇದೆಯೋ ಇಲ್ಲವೋ ಎಂಬ ಅಭಿಪ್ರಾಯ ಅಲ್ಲಿಲ್ಲ. ಅದು ಬಾರದಿದ್ದರೆ ಮನೆಯಲ್ಲಿ ಅನ್ನವಿಲ್ಲವೆಂಬ ಸ್ಥಿತಿ ಇದೆ. ಬೀಜವನ್ನು ಆಗಲೇ ಮಣ್ಣಿಗೆ ಹಾಕಿ ಆಗಿದೆ. ಹಾಗೆಯೇ ‘ನಿಮ್ಮನ್ನೇ ನಂಬಿ ಬಂದಿದ್ದೇನೆ’ ಎಂಬ ಮಾತು. ಊರು ಬಿಟ್ಟು, ಕೈಯಲ್ಲಿ ಚೀಲ ಹಿಡಿದು, ಒಬ್ಬರ ಬಾಗಿಲಿಗೆ ಬಂದು ನಿಂತವರು ಆಡುವ ಮಾತು ಅದು. ‘ಇನ್’ ಎಂಬ ಉಪಸರ್ಗದಿಂದ ಅಗಸ್ಟೀನರು ಕಷ್ಟಪಟ್ಟು ಹೊರಡಿಸಿದ ‘ಹೋಗುವ’ ಅರ್ಥವನ್ನು ಕನ್ನಡದ ‘ನಂಬಿ ಬರು’, ‘ನಂಬಿ ಹೊರಡು’ ಎಂಬ ನುಡಿಗಳು ತಾವಾಗಿಯೇ ಹೊತ್ತಿವೆ. ಎಲ್ಲಿಗೆ ಹೋಗುತ್ತೇನೆಂಬುದನ್ನು ತಿಳಿಯದೆ ಅಬ್ರಹಾಮನು ಹೊರಟದ್ದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯವು ನೆನೆಯುವಾಗ, ನಮ್ಮ ಹಳ್ಳಿಯ ಕ್ರೈಸ್ತರು ಅದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಲ್ಲರು: ಅವನು ದೇವರನ್ನು ನಂಬಿ ಹೊರಟ.